ದುಡಿಯುವ ತಾಯಂದಿರು ಮತ್ತು ಎದೆಹಾಲಿನ ಸುರಕ್ಷಿತ ಶೇಖರಣೆ: ಕಾನೂನು, ಸೌಲಭ್ಯ ಹಾಗೂ ಪಾಲಿಸಬೇಕಾದ ಕ್ರಮಗಳು

ಹಿನ್ನೆಲೆ

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ತಡಸ ಗ್ರಾಮವು ಹುಬ್ಬಳ್ಳಿ ಹಾಗೂ ಶಿಗ್ಗಾಂವಿಗಳ ನಡುವೆ ರಾಷ್ಟ್ರೀಯ ಹೆದ್ದಾರಿಗೆ ಹೊಂದಿಕೊಂಡಿದ್ದು, ಮುಂಡಗೋಡದ ಕಡೆಗೆ ಹೋಗುವ ರಸ್ತೆಯು ಇಲ್ಲಿ ಕವಲೊಡೆಯುತ್ತದೆ. ಇಂತಹ ಊರುಗಳಲ್ಲಿ ಹೊಲದ ಕೆಲಸಕ್ಕೆ ಇಲ್ಲವೆ ಬಸ್ ಹಿಡಿದು ಪಟ್ಟಣದ ಉದ್ಯೋಗಕ್ಕೆ ತೆರಳುವ ತಾಯಿಯು ಕೈಗೂಸನ್ನು ಮನೆಯ ಹಿರಿಯರ ವಶಕ್ಕೆ ಒಪ್ಪಿಸಿ ಹೋಗಬೇಕಾಗುತ್ತದೆ. ಮಗುವಿಗೆ ಮೊದಲ ಆರು ತಿಂಗಳು ಎದೆಹಾಲನ್ನು ಮಾತ್ರ ನೀಡತಕ್ಕದ್ದು. ಆನಂತರ ಪೂರಕ ಆಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಎದೆಹಾಲನ್ನು ಮುಂದುವರಿಸತಕ್ಕದ್ದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಭಾರತದಲ್ಲಿ ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲನ್ನು ಮಾತ್ರ ಪಡೆಯುವವರ ಪ್ರಮಾಣವು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 54.9 ಇದ್ದದ್ದು 2019-21ರಲ್ಲಿ ಶೇ. 63.7ಕ್ಕೆ ಏರಿದೆ. ಆದಾಗ್ಯೂ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಶಿಶುಗಳು ಈ ಪ್ರಯೋಜನದಿಂದ ಹೊರಗುಳಿದಿರುವುದು ಗಮನಾರ್ಹ.

ಕಾನೂನಿನ ಸ್ಥಿತಿ

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು, ಮೊದಲ ಎರಡು ಮಕ್ಕಳಿಗೆ ವೇತನಸಹಿತ ರಜೆಯನ್ನು 26 ವಾರಗಳಿಗೆ ಹೆಚ್ಚಿಸಲಾಯಿತು. ಈ ಉಪಬಂಧಗಳು ಈಗ ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿ ಅಡಕವಾಗಿದ್ದು, ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಂತೆ, ರಜೆ ಮುಗಿಸಿ ಮರಳಿದ ತಾಯಿಗೆ ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಶುಶ್ರೂಷಾ ವಿರಾಮಗಳು ದೊರೆಯಬೇಕು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವಿದ್ದು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಭೇಟಿಗೆ ಅವಕಾಶವಿರಬೇಕು.

ನ್ಯಾಯಾಲಯಗಳೂ ಈ ವಿಷಯವನ್ನು ಗಂಭೀರವಾಗಿ ಪರಿಗಣಿಸಿವೆ. ಬೆಂಗಳೂರಿನ ಆಸ್ಪತ್ರೆಯಿಂದ ಅಪಹರಣಗೊಂಡು ಕೊಪ್ಪಳದ ದಂಪತಿಗಳ ಬಳಿ ಬೆಳೆಯುತ್ತಿದ್ದ ಮಗುವಿನ ಪ್ರಕರಣದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರ್‌ನಲ್ಲಿ ತೀರ್ಪು ನೀಡಿ, ಸ್ತನ್ಯಪಾನವು ತಾಯಿಯ ಅನ್ಯಾಕ್ರಾಂತಗೊಳಿಸಲಾಗದ ಹಕ್ಕೆಂದೂ, ಅದು ಸಂವಿಧಾನದ 21ನೇ ಅನುಚ್ಛೇದದ ರಕ್ಷಣೆಗೆ ಒಳಪಡುತ್ತದೆಂದೂ ಹೇಳಿತು. 2025ರ ಫೆಬ್ರವರಿ 19ರಂದು ಸರ್ವೋಚ್ಚ ನ್ಯಾಯಾಲಯವು ಸಾರ್ವಜನಿಕ ಸ್ಥಳಗಳಲ್ಲಿ ಹಾಲುಣಿಸುವ ಕೊಠಡಿಗಳ ಕುರಿತ ಕೇಂದ್ರದ ಸಲಹಾ ಪತ್ರವನ್ನು ಸಾಧ್ಯವಾದ ಮಟ್ಟಿಗೆ ಕಾರ್ಯಗತಗೊಳಿಸುವಂತೆ ರಾಜ್ಯಗಳಿಗೆ ಸೂಚಿಸಲು ನಿರ್ದೇಶಿಸಿತು. ಸಾರ್ವಜನಿಕವಾಗಿ ಹಾಲುಣಿಸುವುದನ್ನು ಕಳಂಕವೆಂದು ಕಾಣಬಾರದೆಂದೂ ತಿಳಿಸಿತು.

ಅಂತರ ಎಲ್ಲಿದೆ?

ಹಕ್ಕು ಮಾನ್ಯವಾಗಿದ್ದರೂ ಅದು ತಲುಪುವ ವ್ಯಾಪ್ತಿ ಸೀಮಿತವಾಗಿದೆ. ಸಂಹಿತೆಯ ಹೆರಿಗೆ ಸೌಲಭ್ಯವು ಕಾರ್ಖಾನೆ, ಗಣಿ, ತೋಟ ಹಾಗೂ ಹತ್ತು ಅಥವಾ ಹೆಚ್ಚು ಜನ ದುಡಿಯುವ ಅಂಗಡಿ, ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಹೊಲದ ಕೂಲಿ, ಮನೆಗೆಲಸ, ಸಣ್ಣ ಅಂಗಡಿಗಳಲ್ಲಿ ದುಡಿಯುವ ತಾಯಂದಿರಿಗೆ ರಜೆಯೂ ಇಲ್ಲ, ವಿರಾಮವೂ ಇಲ್ಲ. ಅಂತಹವರಿಗೆ ಹಾಲನ್ನು ಹಿಂಡಿ ತೆಗೆದಿರಿಸುವುದೇ ಉಳಿಯುವ ಮಾರ್ಗ.

ಇಲ್ಲಿಯೂ ಒಂದು ಲೆಕ್ಕವನ್ನು ಗಮನಿಸುವುದು ಅವಶ್ಯ. ಬೆಳಿಗ್ಗೆ 8 ಗಂಟೆಗೆ ಹೊರಟು ಸಂಜೆ 6ಕ್ಕೆ ಮರಳುವ ತಾಯಿಯು ಮಗುವಿನಿಂದ 10 ಗಂಟೆ ದೂರವಿರುತ್ತಾಳೆ. 25 ಡಿಗ್ರಿ ಸೆಲ್ಸಿಯಸ್ ಅಥವಾ ಕಡಿಮೆ ಉಷ್ಣಾಂಶದಲ್ಲಿ ಹಾಲನ್ನು ಹೊರಗಿಡಬಹುದಾದ ಅವಧಿ 4 ಗಂಟೆ. ಹೊರಡುವಾಗ ತೆಗೆದಿಟ್ಟ ಹಾಲು ಮಧ್ಯಾಹ್ನ 12ಕ್ಕೆ ಮುಗಿಯಬೇಕು. ಉಳಿದ 6 ಗಂಟೆಗಳಿಗೆ ಮನೆಯಲ್ಲಿ ಫ್ರಿಜ್ ಬೇಕು. ಇನ್ನೊಂದೆಡೆ, ಇಡೀ ದಿನ ಹಾಲನ್ನು ತೆಗೆಯದಿದ್ದರೆ ಎದೆ ಬಿಗಿದು ನೋವುಂಟಾಗುವುದಲ್ಲದೆ ಕ್ರಮೇಣ ಹಾಲಿನ ಉತ್ಪತ್ತಿಯೇ ಕುಗ್ಗುತ್ತದೆ. ಆದ್ದರಿಂದ ಕೆಲಸದ ಸ್ಥಳದಲ್ಲಿ ಇಲ್ಲವೆ ಬಸ್ ನಿಲ್ದಾಣದಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೊಠಡಿ, ನೀರು, ಸಾಬೂನು ಮತ್ತು ಅರ್ಧ ಗಂಟೆಯ ಬಿಡುವು ಇವು ಅನುಕೂಲಗಳಲ್ಲ, ಆವಶ್ಯಕತೆಗಳು. ಇವುಗಳಿಲ್ಲದೆ ತೀರ್ಪಿನ ಹಕ್ಕು ಮಗುವಿನ ಒಳಲೆಯನ್ನು ತಲುಪುವುದಿಲ್ಲ.

ಹಾಲನ್ನು ತೆಗೆಯುವ ಕ್ರಮ

1. ಕೈಗಳನ್ನು ಸಾಬೂನಿನಿಂದ ಚೆನ್ನಾಗಿ ತೊಳೆದುಕೊಳ್ಳತಕ್ಕದ್ದು. ಅಗಲ ಬಾಯಿಯ, ಮುಚ್ಚಳವುಳ್ಳ ಸ್ಟೀಲ್ ಪಾತ್ರೆಯನ್ನು ತೊಳೆದು, ನೀರಿನಲ್ಲಿ ಕುದಿಸಿ ಆರಿಸಿಕೊಳ್ಳತಕ್ಕದ್ದು.
2. ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿ ಹೆಬ್ಬೆರಳನ್ನು ಮೇಲೂ ಉಳಿದ ಬೆರಳುಗಳನ್ನು ಕೆಳಗೂ ಇರಿಸಿ, ಮೊದಲು ಎದೆಗೂಡಿನತ್ತ ಒತ್ತಿ, ಬಳಿಕ ಬೆರಳುಗಳನ್ನು ಕೂಡಿಸಿ ಒತ್ತಿ ಬಿಡಬೇಕು. ತೊಟ್ಟನ್ನು ಎಳೆಯಬಾರದು, ಚರ್ಮವನ್ನು ಉಜ್ಜಬಾರದು.
3. ಒಂದೊಂದು ಬದಿಗೆ 3ರಿಂದ 5 ನಿಮಿಷದಂತೆ ಬದಲಾಯಿಸುತ್ತಾ ಒಟ್ಟು 20ರಿಂದ 30 ನಿಮಿಷ ತೆಗೆಯಬಹುದು.

ಶೇಖರಣೆಯ ಅವಧಿ

1. ಹೊರಗೆ (25 ಡಿಗ್ರಿ ಅಥವಾ ಕಡಿಮೆ): 4 ಗಂಟೆಯವರೆಗೆ. ಮಾರ್ಚ್‌ನಿಂದ ಮೇವರೆಗೆ ಉಷ್ಣಾಂಶ ಇದಕ್ಕಿಂತ ಹೆಚ್ಚಿರುವುದರಿಂದ ಇನ್ನೂ ಬೇಗ ಬಳಸತಕ್ಕದ್ದು. ಒದ್ದೆ ಬಟ್ಟೆ ಅಥವಾ ನೀರಿನ ತಟ್ಟೆ ತಂಪು ನೀಡಿದರೂ ಅದನ್ನು ಫ್ರಿಜ್‌ಗೆ ಸಮವೆಂದು ಭಾವಿಸಬಾರದು.
2. ಮಂಜುಗಡ್ಡೆಯ ಪೊಟ್ಟಣಗಳಿರುವ ಶಾಖನಿರೋಧಕ ಪೆಟ್ಟಿಗೆ: 24 ಗಂಟೆಯವರೆಗೆ. ಪ್ರಯಾಣಿಸುವವರಿಗೆ ಇದು ಸೂಕ್ತ.
3. ಫ್ರಿಜ್ (4 ಡಿಗ್ರಿ): 4 ದಿನಗಳವರೆಗೆ. ಬಾಗಿಲಿನಲ್ಲಿ ಇಡದೆ ಒಳಭಾಗದಲ್ಲಿ ಇಡತಕ್ಕದ್ದು. ಪದೇ ಪದೇ ವಿದ್ಯುತ್ ಕಡಿತವಾಗುವಲ್ಲಿ ಈ ಅವಧಿಯನ್ನು ನೆಚ್ಚದೆ ಅದೇ ದಿನ ಬಳಸುವುದು ಲೇಸು.

ಪಾತ್ರೆಯ ಮೇಲೆ ಸಮಯವನ್ನು ಬರೆದಿಟ್ಟು, ಮೊದಲು ತೆಗೆದದ್ದನ್ನು ಮೊದಲು ಬಳಸತಕ್ಕದ್ದು. ಕೆನೆ ಬೇರ್ಪಡುವುದು ಸಹಜ. ಹಾಲು ಕೆಟ್ಟಿದೆಯೆಂದು ಚೆಲ್ಲಬೇಕಾಗಿಲ್ಲ. ಹಾಲನ್ನು ಕುದಿಸಬಾರದು; ಪಾತ್ರೆಯನ್ನು ಬಿಸಿ ನೀರಿನಲ್ಲಿಟ್ಟು ಬೆಚ್ಚಗೆ ಮಾಡಿದರೆ ಸಾಕು. ಬಾಟಲಿಯ ಬದಲು ಲೋಟ, ಚಮಚ ಅಥವಾ ಒಳಲೆಯಿಂದ ಕುಡಿಸುವುದು ಸುರಕ್ಷಿತ. ಮಗು ಕುಡಿದು ಉಳಿಸಿದ ಹಾಲನ್ನು 2 ಗಂಟೆಯೊಳಗೆ ಬಳಸದಿದ್ದರೆ ಚೆಲ್ಲತಕ್ಕದ್ದು.

ಹಾಲಿನ ಮಾರಾಟ ಸಲ್ಲದು

ಎದೆಹಾಲನ್ನು ಸಂಸ್ಕರಿಸಿ ಮಾರಾಟ ಮಾಡಲು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರಲ್ಲಿ ಅವಕಾಶವಿಲ್ಲವೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2024ರ ಮೇ 24ರಂದು ಸ್ಪಷ್ಟಪಡಿಸಿದೆ. ಹೆಚ್ಚುವರಿ ಹಾಲನ್ನು ಆಸ್ಪತ್ರೆಯ ಹಾಲಿನ ಬ್ಯಾಂಕಿಗೆ ಉಚಿತವಾಗಿ ದಾನ ಮಾಡಬಹುದು. ಅಲ್ಲಿ ದಾನಿಯನ್ನು ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಪಾಶ್ಚರೀಕರಿಸಲಾಗುತ್ತದೆ. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಇಂತಹ ಕೇಂದ್ರ ಆರಂಭವಾಯಿತು.

ಅರ್ಜಿದಾರರ ಗಮನಕ್ಕೆ

1. ಸಂಹಿತೆಯ ವ್ಯಾಪ್ತಿಗೆ ಒಳಪಡುವ ಸಂಸ್ಥೆಗಳ ನೌಕರರು ಶುಶ್ರೂಷಾ ವಿರಾಮವನ್ನು ಲಿಖಿತವಾಗಿ ಕೋರಿ, ಮನವಿಯ ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳುವುದು. ನಿರಾಕರಿಸಿದಲ್ಲಿ ಕಾರ್ಮಿಕ ಇಲಾಖೆಗೆ ದೂರು ಸಲ್ಲಿಸಬಹುದು.
2. ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯಡಿ ಅರ್ಹರಿಗೆ ಮೊದಲ ಮಗುವಿಗೆ ರೂ. 5,000 ಹಾಗೂ, 2022ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ, ಎರಡನೆಯದು ಹೆಣ್ಣುಮಗುವಾದಲ್ಲಿ ರೂ. 6,000 ನಿಗದಿಯಾಗಿದೆ. ಅರ್ಜಿಗಾಗಿ ಅಂಗನವಾಡಿ ಕಾರ್ಯಕರ್ತೆಯರನ್ನು ಸಂಪರ್ಕಿಸುವುದು.
3. ಬಸ್ ನಿಲ್ದಾಣ ಅಥವಾ ಕಚೇರಿಯಲ್ಲಿ ಹಾಲುಣಿಸುವ ಕೊಠಡಿ ಇಲ್ಲದಿದ್ದಲ್ಲಿ ಗ್ರಾಮ ಪಂಚಾಯಿತಿಗೆ ಅಥವಾ ಸಂಬಂಧಿಸಿದ ಸಂಸ್ಥೆಗೆ, 2025ರ ಸರ್ವೋಚ್ಚ ನ್ಯಾಯಾಲಯದ ಆದೇಶವನ್ನು ಉಲ್ಲೇಖಿಸಿ ಮನವಿ ಸಲ್ಲಿಸಬಹುದು.
4. ಅವಧಿಗೆ ಮುನ್ನ ಜನಿಸಿದ ಅಥವಾ ಅನಾರೋಗ್ಯದಿಂದಿರುವ ಶಿಶುಗಳಿಗೆ ಮೇಲಿನ ಅವಧಿಗಳು ಅನ್ವಯಿಸುವುದಿಲ್ಲ. ವೈದ್ಯರ ಸಲಹೆಯಂತೆ ನಡೆಯತಕ್ಕದ್ದು. ಹಾಲು ತೆಗೆಯುವ ವಿಧಾನವನ್ನು ಆಶಾ ಕಾರ್ಯಕರ್ತೆಯರಿಂದ ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ತಿಳಿಯುವುದು.

ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ಅಜ್ಜಿ, ತಂದೆ ಮೊದಲಾದವರೂ ಈ ಕ್ರಮಗಳನ್ನು ತಿಳಿದಿರುವುದು ಅವಶ್ಯ. ತಾಯಿ ತೆಗೆದಿರಿಸಿದ ಹಾಲನ್ನು ಸಕಾಲದಲ್ಲಿ, ಶುಚಿಯಾಗಿ ಮಗುವಿಗೆ ಕುಡಿಸುವ ಹೊಣೆ ಅವರದಾಗಿದೆ.