ಉಣ್ಣದ ಮಕ್ಕಳು, ಕೇಳದ ಹಿರಿಯರು

ನಮ್ಮ ನೆರೆಯ ಕಣ್ಣೂರು ಜಿಲ್ಲೆಯ ಕಾಲೇಜು ವಿದ್ಯಾರ್ಥಿನಿಯೊಬ್ಬಳು, ದಪ್ಪಗಾಗುವೆನೆಂಬ ಭಯದಿಂದ ತಿಂಗಳುಗಟ್ಟಲೆ ಆಹಾರವನ್ನು ಬಹುಮಟ್ಟಿಗೆ ತ್ಯಜಿಸಿ, 2025ರ ಮಾರ್ಚ್ ತಿಂಗಳಲ್ಲಿ ಅಸುನೀಗಿದ ವಾರ್ತೆಯನ್ನು ಓದುಗರು ಮರೆತಿರಲಾರರು. ಮೊಬೈಲಿನಲ್ಲಿ ಕಂಡದ್ದನ್ನೆಲ್ಲ ನಂಬುವ ಹುಡುಗಿಯರ ಹುಚ್ಚು ಇದು ಎಂದು ಹಲವರು ಆಗ ಕೈತೊಳೆದುಕೊಂಡರು. ವಿಷಯ ಅಷ್ಟು ಸರಳವಲ್ಲ. ಹುಡುಗಿಯರಿಗೆ ಮಾತ್ರ ಸೀಮಿತವೂ ಅಲ್ಲ. ಇದನ್ನರಿಯಲು, ನಮ್ಮಂತೆಯೇ ಕರ್ನಾಟಕದ ಹೊರಗುಳಿದ ಕನ್ನಡಿಗರು ಬಾಳುತ್ತಿರುವ ಕೊಲ್ಲಾಪುರ ಜಿಲ್ಲೆಯತ್ತ ಒಮ್ಮೆ ದೃಷ್ಟಿ ಹರಿಸುವುದು ಉಚಿತ.

ಕೊಲ್ಲಾಪುರವೆಂದರೆ ಕುಸ್ತಿ. ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನ, ಗಂಗಾವೇಸ್, ಮೋತಿಬಾಗ್, ಶಾಹುಪುರಿಯ ತಾಲೀಮುಗಳು ದೇಶಕ್ಕೇ ಪರಿಚಿತ. ಬೆಳಗಾವಿ ಕಡೆಯ ಕನ್ನಡದ ಹುಡುಗರೂ ಅಲ್ಲಿಗೆ ಹೋಗಿ ಮಣ್ಣು ಮುಟ್ಟಿ ಪೈಲ್ವಾನರಾಗುವುದು ಹಳೆಯ ರೂಢಿ. ಹಾಲು, ತುಪ್ಪ, ಬಾದಾಮಿ ಅರೆದ ಥಂಡಾಯಿ ಎಂದರೆ ಅಲ್ಲಿ ಮರ್ಯಾದೆಯ ಮಾತು. ಪೈಲ್ವಾನ ಉಂಡಷ್ಟೂ ಊರಿಗೆ ಹೆಮ್ಮೆ.

ಆದರೆ ಕುಸ್ತಿ ಮಣ್ಣಿನಿಂದ ಮ್ಯಾಟ್‌ಗೆ ಬಂದಂತೆ ತಕ್ಕಡಿಯೂ ಜೊತೆಗೆ ಬಂತು. ಸ್ಪರ್ಧೆ ತೂಕದ ವರ್ಗಗಳಲ್ಲಿ ನಡೆಯುವುದರಿಂದ, ತನ್ನ ಸಹಜ ತೂಕಕ್ಕಿಂತ ಕೆಳಗಿನ ವರ್ಗಕ್ಕೆ ಇಳಿದರೆ ಗೆಲುವು ಸುಲಭವೆಂದು ಅನ್ನ ನೀರು ಬಿಟ್ಟು ಮೈ ಒಣಗಿಸಿಕೊಳ್ಳುವ ಪದ್ಧತಿ ಜಗತ್ತಿನಾದ್ಯಂತ ಬೇರೂರಿತು. 1997ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಸುಮಾರು ಐದು ವಾರಗಳ ಅವಧಿಯಲ್ಲಿ ಹೀಗೆಯೇ ಪ್ರಾಣ ಕಳೆದುಕೊಂಡರು. ಆ ಬಳಿಕವೇ ಅಲ್ಲಿ ನಿಯಮಗಳು ಬಿಗಿಯಾದವು. ನಮ್ಮ ವಿನೇಶ್ ಫೋಗಟ್ 2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ 50 ಕಿಲೋ ವರ್ಗದ ಫೈನಲ್ ತಲುಪಿ, ರಾತ್ರಿಯಿಡೀ ಬೆವರು ಹರಿಸಿಯೂ, ಬೆಳಿಗ್ಗೆ 100 ಗ್ರಾಂ ಹೆಚ್ಚಾಗಿ ಅನರ್ಹಗೊಂಡಾಗ ದೇಶವೇ ಮರುಗಿತು. ಪದಕ ಹೋಯಿತೆಂದು ಅತ್ತವರು ಬಹಳ. ಒಂದು ರಾತ್ರಿಯಲ್ಲಿ ಮನುಷ್ಯ ದೇಹವನ್ನು ಹಾಗೆ ಹಿಂಡಬಹುದೇ ಎಂದು ಕೇಳಿದವರು ಕಡಿಮೆ.

ಕೊಲ್ಲಾಪುರದ ಇತಿಹಾಸದಲ್ಲೇ ಇದಕ್ಕೊಂದು ಪ್ರತ್ಯುದಾಹರಣೆಯಿದೆ. ಅಲ್ಲಿನ ರಾಜಾರಾಂ ಕಾಲೇಜಿನಲ್ಲಿ ಓದಿದ ಕೆ.ಡಿ. ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ 52 ಕಿಲೋ ವರ್ಗದಲ್ಲಿ ಸೆಣಸಿ ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ ತಂದದ್ದು 57 ಕಿಲೋ ವರ್ಗದಲ್ಲಿ. ಅಂದರೆ ಕೀರ್ತಿಗಾಗಿ ಅವರು ತೂಕದಲ್ಲಿ ಕೆಳಗಿಳಿಯಲಿಲ್ಲ, ಮೇಲೇರಿದರು. ಇಂದಿನ ತರಬೇತುದಾರರು ಇದನ್ನು ತಮ್ಮ ಹುಡುಗರಿಗೆ ಹೇಳಬೇಕಾಗಿದೆ.

ಅಖಾಡದ ತಕ್ಕಡಿ ಈಗ ಮನೆಯೊಳಗೂ ಬಂದಿದೆ. ಇಚಲಕರಂಜಿಯ ಮಗ್ಗದ ಕಾರ್ಮಿಕರ ಮನೆಯಾಗಲಿ, ಗಡಹಿಂಗ್ಲಜದ ಕಾಲೇಜು ಹುಡುಗನ ಕೋಣೆಯಾಗಲಿ, ನಮ್ಮ ಮಂಜೇಶ್ವರ, ಕುಂಬಳೆ, ಬದಿಯಡ್ಕಗಳಾಗಲಿ, ಅದರ ಕಾಟದಿಂದ ಹೊರತಾಗಿರಲು ಕಾರಣವಿಲ್ಲ. ಹುಡುಗನಿಗೆ ಜಿಮ್ಮಿನ ಕನ್ನಡಿ. ಹುಡುಗಿಗೆ ಹೆಣ್ಣು ನೋಡಲು ಬಂದವರ ಕಣ್ಣು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ 21 ವರ್ಷದ ನಟಿಯೊಬ್ಬಳು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಿಗೇ ತೀರಿಕೊಂಡಳು. ಮದುವೆ ಮನೆಯಲ್ಲಿ "ಏನು ಮಗಾ, ಇಷ್ಟು ದಪ್ಪಗಾಗಿದ್ದೀಯಲ್ಲ" ಎಂದು ನಗುತ್ತಾ ಆಡುವ ಮಾತನ್ನು ಆಡಿದವರು ಮರೆಯುತ್ತಾರೆ. ಕೇಳಿದ ಮಗು ಮರೆಯುವುದಿಲ್ಲ.

ಇದು ಹಟವೆಂದೂ ಶೋಕಿಯೆಂದೂ ಭಾವಿಸುವವರು ಒಂದು ಪ್ರಯೋಗವನ್ನು ಗಮನಿಸಬೇಕು. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಸ್ವಇಚ್ಛೆಯಿಂದ ಮುಂದೆ ಬಂದ 36 ಮಂದಿ ಆರೋಗ್ಯವಂತ ತರುಣರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದರು. ಅವರ ದೇಹ ಮಾತ್ರ ಸೊರಗಲಿಲ್ಲ. ಮನಸ್ಸು ಕುಗ್ಗಿತು, ಸಿಡುಕು ಹೆಚ್ಚಿತು, ಗೆಳೆಯರು ಬೇಡವಾದರು, ಹಗಲಿರುಳು ಊಟದ್ದೇ ಯೋಚನೆಯಾಯಿತು. ಹಸಿವೇ ಬುದ್ಧಿಯನ್ನು ಕದಡುತ್ತದೆ ಎಂಬುದು ಇದರಿಂದ ಸ್ಪಷ್ಟ. ಬಿಡಲು ಆರಂಭಿಸಿದವರು ತಾವಾಗಿ ಮತ್ತೆ ಉಣ್ಣಲಾರದ ಸ್ಥಿತಿಗೆ ಬರುವುದುಂಟು. ವೈದ್ಯರು ಇದನ್ನು ಅನೊರೆಕ್ಸಿಯಾ ಎನ್ನುತ್ತಾರೆ. ಕದ್ದು ಮುಚ್ಚಿ ಅತಿಯಾಗಿ ತಿಂದು, ಬಳಿಕ ವಾಂತಿ ಮಾಡಿ ಕಳೆಯುವುದಕ್ಕೆ ಬುಲಿಮಿಯಾ ಎಂದು ಹೆಸರು. ರಕ್ತದ ಲವಣಾಂಶ ಏರುಪೇರಾಗಿ ಹೃದಯವೇ ನಿಲ್ಲಬಹುದಾದ ಕಾಯಿಲೆಗಳಿವು.

ನಮ್ಮ ಭಾಷೆಯಲ್ಲಿ ವ್ರತ, ಉಪವಾಸ, ಒಪ್ಪೊತ್ತು, ಪಥ್ಯ ಎಂಬ ಮರ್ಯಾದೆಯ ಮಾತುಗಳಿವೆ. ಈ ಕಾಯಿಲೆಗೆ ಮನೆಮಾತಿನಲ್ಲಿ ಹೆಸರಿಲ್ಲ. ಆದುದರಿಂದ ಅದು ಆ ಮಾತುಗಳ ಮರೆಯಲ್ಲೇ ಅಡಗಿ ಕೂರುತ್ತದೆ. "ಇವತ್ತು ಸೋಮವಾರ", "ಹಾಸ್ಟೆಲಲ್ಲಿ ತಿಂದು ಬಂದೆ", "ಹೊಟ್ಟೆ ಸರಿಯಿಲ್ಲ ಅಮ್ಮಾ" ಎಂಬ ನೆಪಗಳು ದಿನವೂ ಕೇಳಿಬಂದರೆ ತಾಯಂದಿರು ಎಚ್ಚರಗೊಳ್ಳಬೇಕು. ಮುಟ್ಟು ನಿಲ್ಲುವುದು, ತಲೆಸುತ್ತು, ಸದಾ ಚಳಿ, ಕೂದಲುದುರುವುದು, ಊಟವಾದೊಡನೆ ಬಚ್ಚಲಿಗೆ ಓಡುವುದು, ಹುಡುಗರಲ್ಲಿ ಮೈ ಸೋತರೂ ಬಿಡದ ವ್ಯಾಯಾಮ, ಇವೆಲ್ಲ ಲಕ್ಷಣಗಳೇ. ಗದರಿಸಿ ಒಮ್ಮೆಲೇ ತುತ್ತು ತುರುಕುವುದೂ ಸಲ್ಲದು. ಬಹುಕಾಲ ಹಸಿದ ದೇಹಕ್ಕೆ ಏಕಾಏಕಿ ಬಿದ್ದ ಆಹಾರವೂ ಅಪಾಯಕಾರಿ. ವೈದ್ಯರ ಸಲಹೆ ಅನಿವಾರ್ಯ.

ಇಲ್ಲಿಯೇ ಭಾಷಾ ಅಲ್ಪಸಂಖ್ಯಾತರ ವಿಶೇಷ ಕಷ್ಟವಿರುವುದು. ಜ್ವರವನ್ನು ಮಲಯಾಳದಲ್ಲೋ ಮರಾಠಿಯಲ್ಲೋ ಹೇಗೋ ಹೇಳಿಕೊಳ್ಳಬಹುದು. ತನ್ನ ಮೈಯ ಬಗ್ಗೆ ತನಗಿರುವ ನಾಚಿಕೆಯನ್ನು ಕಲಿತ ಭಾಷೆಯಲ್ಲಿ ಅಪರಿಚಿತರ ಮುಂದೆ ಬಿಚ್ಚಿಡುವುದು ಸುಲಭವಲ್ಲ. ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೂ ಉಚಿತವಾಗಿ ಸಲಹೆ ದೊರೆಯುತ್ತದೆ. ಈ ಸಂಖ್ಯೆ ಪ್ರತಿ ಕನ್ನಡ ಶಾಲೆಯ ಗೋಡೆಯ ಮೇಲೆ ಇರಲಿ. ಗಡಿಭಾಗದ ಸರಕಾರಿ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ಆಪ್ತ ಸಲಹೆಗಾರರಿರಬೇಕೆಂಬುದು ಕೃಪೆಯ ಬೇಡಿಕೆಯಲ್ಲ, ಚಿಕಿತ್ಸೆಯ ಅಗತ್ಯ.

ಮನೆಯವರ ಪಾತ್ರವೂ ಸಣ್ಣದಲ್ಲ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಚಿಕಿತ್ಸಾ ಕ್ರಮದಲ್ಲಿ, ಹದಿಹರೆಯದವರ ಊಟದ ಹೊಣೆಯನ್ನು ತಜ್ಞರ ಮಾರ್ಗದರ್ಶನದಲ್ಲಿ ತಂದೆತಾಯಿಯೇ ಹೊರುತ್ತಾರೆ. ಅಂದರೆ ಅವರು ಅಪರಾಧಿಗಳಲ್ಲ, ವೈದ್ಯರ ಸಹಾಯಕರು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರೆಂದರು. ಈ ರೋಗಕ್ಕೆ ಎರಡೂ ಬೇಕು. ಇಂದು ರಾತ್ರಿ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣಲಿ. ಮಕ್ಕಳ ತೂಕದ ಮಾತು ಬೇಡ. ಉಣ್ಣದವರಿದ್ದರೆ ಗದರದೆ, ಅವರದೇ ಭಾಷೆಯಲ್ಲಿ, ಏನಾಯಿತೆಂದು ಕೇಳುವವರೊಬ್ಬರು ಇರಲಿ.