ಆಫರ್ ಲೆಟರ್ ಇಲ್ಲದ ಪ್ಲೇಸ್‌ಮೆಂಟ್

ಅಮೆರಿಕದ ಕಾಲೇಜು ಫುಟ್‌ಬಾಲ್ (ಚೆಂಡನ್ನ ಕೈಯಲ್ಲಿ ಹಿಡ್ಕೊಂಡು ಓಡ್ತಾರಲ್ಲ, ಅದು) ನಮ್ಮ ಇಂಟರ್ ಕಾಲೇಜು ಟೂರ್ನಮೆಂಟ್ ಥರ ಅಂದ್ಕೋಬೇಡಿ. ಮಿಷಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಸೀಟಿದೆ. ದೊಡ್ಡ ಕೋಚ್‌ಗಳ ಸಂಬಳ ವರ್ಷಕ್ಕೆ ಕೋಟಿ ಡಾಲರ್ ದಾಟಿದೆ. ಆಡುವ ಹುಡುಗರಿಗೆ ಮಾತ್ರ ಬಹಳ ಕಾಲ ಸಿಗ್ತಿದ್ದದ್ದು ಸ್ಕಾಲರ್‌ಶಿಪ್ಪು, ಹಾಸ್ಟೆಲ್ಲು, ಊಟ. ಯುಸಿಎಲ್‌ಎಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ್ದ ಎಡ್ ಒಬ್ಯಾನನ್, ವಿಡಿಯೋ ಗೇಮ್ ಒಂದರಲ್ಲಿ ತನ್ನದೇ ರೂಪದ ಆಟಗಾರನನ್ನ ನೋಡಿ 2009ರಲ್ಲಿ ಕೋರ್ಟಿಗೆ ಹೋದರು. ಗೇಮ್ ಮಾರಿದ ದುಡ್ಡಲ್ಲಿ ಅವರಿಗೆ ಒಂದು ಪೈಸೆಯೂ ಬಂದಿರಲಿಲ್ಲ.

2021ರ ಜುಲೈ 1ರಿಂದ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ, ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡಿಯಬಹುದು ಅಂತ ಒಪ್ಪಿಕೊಂಡಿತು. ಒಪ್ಪಲೇಬೇಕಿತ್ತು. ಇದರ ಬಗ್ಗೆ ನನಗೆ ತಕರಾರಿಲ್ಲ. 'ದುಡ್ಡು ಬಂದು ಆಟ ಹಾಳಾಯ್ತು' ಅನ್ನೋರು, ದುಡ್ಡು ಮೊದಲೂ ಇತ್ತು, ಬೇರೆಯವರ ಜೇಬಲ್ಲಿತ್ತು ಅನ್ನೋದನ್ನ ಮರೀತಾರೆ.

ನನ್ನ ತಕರಾರು ಬೇರೆ. ಜಾಹೀರಾತು ಅನ್ನೋದು ಬಹಳ ಕಡೆ ಬರೀ ನೆಪ. ಶ್ರೀಮಂತ ಅಭಿಮಾನಿಗಳು ಸೇರಿ 'ಕಲೆಕ್ಟಿವ್' ಅಂತ ಮಾಡಿಕೊಂಡು ಹಣ ಒಟ್ಟು ಮಾಡ್ತಾರೆ. ಹೈಸ್ಕೂಲ್ ಮುಗಿಸೋ ಹುಡುಗನನ್ನ ತಮ್ಮ ಕಾಲೇಜಿಗೆ ಎಳೆಯೋಕೆ ಅದೇ ಆಮಿಷ. ಮಾಡೋದು ನೇಮಕಾತಿ, ಕಾಗದದಲ್ಲಿ ಪ್ರಚಾರ. ನಮ್ಮ ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ಬಾಯಿಮಾತಿನ ಪ್ಯಾಕೇಜ್ ನಂಬಿ ಬೇರೆ ಆಫರ್ ಬಿಟ್ಟವರನ್ನ ಊಹಿಸ್ಕೊಳ್ಳಿ.

ಜೇಡನ್ ರಶಾಡಾ ವಿಷಯದಲ್ಲಿ ಕಾಗದವೂ ಇತ್ತು. ಫ್ಲೋರಿಡಾ ವಿಶ್ವವಿದ್ಯಾಲಯಕ್ಕೆ ಬರೋಕೆ 1.38 ಕೋಟಿ ಡಾಲರಿನ ಒಪ್ಪಂದ. ಅದು ಮುರಿದುಬಿತ್ತು, ಹುಡುಗ ಬೇರೆ ಕಾಲೇಜಿಗೆ ಹೋದ, 2024ರಲ್ಲಿ ಕೋಚ್ ಮೇಲೆ ಕೇಸ್ ಹಾಕಿದ. ಅದೇ ವರ್ಷ ನೆವಾಡಾದ ಯುಎನ್‌ಎಲ್‌ವಿ ತಂಡ ಮೊದಲ ಮೂರೂ ಪಂದ್ಯ ಗೆದ್ದಿತ್ತು. ಅದರ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಲೂಕಾ, ಹೇಳಿದ್ದ ದುಡ್ಡು ಕೊಟ್ಟಿಲ್ಲ ಅಂತ ಸೀಸನ್ ಮಧ್ಯೆಯೇ ಎದ್ದು ಹೋದ. ಅವನ ಕಡೆಯವರ ಪ್ರಕಾರ ಒಂದು ಲಕ್ಷ ಡಾಲರಿನ ಬಾಯಿಮಾತಿನ ಭರವಸೆ ಇತ್ತು. ಕಾಲೇಜು ಬದಲಿಸಿದ್ರೆ ಒಂದು ವರ್ಷ ಬೆಂಚ್ ಕಾಯಬೇಕು ಅನ್ನೋ ಹಳೇ ನಿಯಮವೂ ಹೋಗಿರೋದ್ರಿಂದ ಪ್ರತಿ ವರ್ಷ ಹೊಸ ಹರಾಜು. ಆದ್ರೂ ಹುಡುಗರನ್ನ ದುರಾಸೆಯವರು ಅನ್ನೋಕೆ ನಾನು ತಯಾರಿಲ್ಲ. ಕೋಚ್‌ಗಳೂ ಹೀಗೇ ಹಾರ್ತಾರೆ, ಅವರ ಕೈಲಿ ಗಟ್ಟಿ ಕಾಂಟ್ರ್ಯಾಕ್ಟ್ ಇರುತ್ತೆ ಅಷ್ಟೇ.

2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿಯಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಮಿತಿ ಸುಮಾರು 2.05 ಕೋಟಿ ಡಾಲರ್. ಆದ್ರೂ 'ನೌಕರ' ಅನ್ನೋ ಪದ ಮಾತ್ರ ಕಾಲೇಜುಗಳ ಬಾಯಲ್ಲಿ ಬರಲ್ಲ. ಆ ಪದ ಬಂದ್ರೆ ಕಾಂಟ್ರ್ಯಾಕ್ಟು, ಯೂನಿಯನ್ನು, ಗಾಯಕ್ಕೆ ಪರಿಹಾರ ಎಲ್ಲಾ ಬರುತ್ತೆ. ಬರಲಿ ಅಂತೀನಿ. ಈಜು, ಕುಸ್ತಿಯಂಥ ಆದಾಯ ಇಲ್ಲದ ಆಟಗಳಿಗೆ ಪೆಟ್ಟು ಬೀಳುತ್ತೆ ಅನ್ನೋ ಭಯ ನಿಜ, ಅದಕ್ಕೆ ನನ್ನ ಹತ್ರ ಸುಲಭದ ಉತ್ತರ ಇಲ್ಲ.

ಇನ್ನೊಂದು ಗುಂಪನ್ನ ಯಾರೂ ನೆನೆಯಲ್ಲ. ಎಂಎಸ್‌ಗೆ ನಮ್ಮ ಸೀನಿಯರ್‌ಗಳು ಅಪ್ಲೈ ಮಾಡೋ ಪರ್ಡ್ಯೂನಲ್ಲಿ ಝ್ಯಾಕ್ ಈಡಿ ಅಂತ 7 ಅಡಿ 4 ಇಂಚಿನ ಬ್ಯಾಸ್ಕೆಟ್‌ಬಾಲ್ ಆಟಗಾರ ಇದ್ದ. 2023, 2024 ಎರಡೂ ವರ್ಷ ದೇಶದ ಅತ್ಯುತ್ತಮ ಕಾಲೇಜು ಆಟಗಾರ. ಆದ್ರೆ ಕೆನಡಾದವನು, ಎಫ್-1 ವೀಸಾ. ನಮ್ಮವರಿಗೆ ಕ್ಯಾಂಪಸ್ ಹೊರಗೆ ಪಾರ್ಟ್‌ಟೈಮ್ ಕೆಲಸ ಮಾಡೋಕೆ ಅಡ್ಡ ಬರೋ ಅದೇ ವೀಸಾ. ತಂಡದ ಅಮೆರಿಕನ್ ಹುಡುಗರು ಜಾಹೀರಾತಿಗೆ ನಿಂತ್ರೆ, ಅವರೆಲ್ಲರಿಗಿಂತ ಹೆಚ್ಚು ಪಾಯಿಂಟ್ ಹೊಡೆದ ಈಡಿ ಅಂಥ ಕೆಲಸಕ್ಕೆ ಅಮೆರಿಕದ ಗಡಿ ದಾಟಬೇಕಿತ್ತು.