ನಕಲು ಮಾಡಿದ ಪಟ್ಟಿ, ನಡುಗುವ ಪೈಪು

ಕಳೆದ ತಿಂಗಳು ಸಂಘದ ಕಾರ್ಯಕ್ರಮ ಮುಗಿದ ಮೇಲೆ ಚಹಾ ಕುಡಿಯುತ್ತ ನಿಂತಿದ್ದಾಗ, ಪೈಪಿಂಗ್ ಕಚೇರಿಯೊಂದರಲ್ಲಿ ದುಡಿಯುವ ನಮ್ಮವನೇ ಆದ ತರುಣ ಇಂಜಿನಿಯರನೊಬ್ಬ ಹೇಳಿದ: "ಡೈನಾಮಿಕ್ ಲೋಡ್ ಕೇಸಾ ಸಾರ್? ಹಿಂದಿನ ಜಾಬಿನ ಫೈಲು ತೆಗೆದು ಅದರ ಪಟ್ಟಿಯನ್ನೇ ಹಾಕ್ತೀವಿ. ಉಳಿದದ್ದು ಕಂಪ್ಯೂಟರ್ ನೋಡಿಕೊಳ್ಳುತ್ತೆ." ಸುತ್ತಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಂಬಯಿ, ಪುಣೆಗಳ ನಮ್ಮವರ ಎಷ್ಟೋ ಮನೆಗಳಲ್ಲಿ ಇಂಥ ಕೆಲಸದಿಂದಲೇ ಅನ್ನ ಬೇಯುತ್ತಿದೆ. ಆದ್ದರಿಂದ ಇದು ಕೇವಲ ತಾಂತ್ರಿಕರ ಒಳಜಗಳವಲ್ಲ.

ಈ ವಿದ್ಯೆ ಅರಿಯದವರಿಗಾಗಿ ಎರಡು ಮಾತು. ಕಾರ್ಖಾನೆಯ ಪೈಪು ಎರಡು ಬಗೆಯ ಹೊರೆ ಹೊರುತ್ತದೆ. ತನ್ನ ತೂಕ, ಒಳಗಿನ ಒತ್ತಡ, ಕಾದು ಹಿಗ್ಗುವುದು ಇವೆಲ್ಲ ನಿಧಾನದ ಹೊರೆಗಳು. ಇನ್ನೊಂದು ಬಗೆ ದಿಢೀರನೆ ಬರುವಂಥದು: ವಾಲ್ವು ಫಕ್ಕನೆ ಮುಚ್ಚುವುದು, ಪಂಪು ನಿಲ್ಲುವುದು, ಸೇಫ್ಟಿ ವಾಲ್ವು ಸಿಡಿದು ತೆರೆಯುವುದು, ನೆಲವೇ ನಡುಗುವುದು. ಇವು ಡೈನಾಮಿಕ್. ಯಾವ ಹೊರೆ, ಎಲ್ಲಿ, ಎಷ್ಟು ಹೊತ್ತು, ಯಾವುದರ ಜೊತೆಗೆ ಎಂದು ಒಂದೊಂದಾಗಿ ನಿರ್ಧರಿಸಿ ಬರೆಯುವುದೇ ಲೋಡ್ ಕೇಸು.

ಹಳೆಯ ಚಾಳುಗಳಲ್ಲಿ ನಲ್ಲಿಯನ್ನು ಫಟ್ಟನೆ ತಿರುಗಿಸಿದಾಗ ಗೋಡೆಯೊಳಗೆ 'ಧಡ್' ಎಂದು ಗುದ್ದಿದ ಸದ್ದನ್ನು ಕೇಳದವರಾರು? ರಷ್ಯದ ಜುಕೋವ್‌ಸ್ಕಿ 1898ರಲ್ಲೇ ಅದರ ಲೆಕ್ಕವನ್ನು ಬರೆದಿಟ್ಟ. ಹರಿಯುವ ನೀರಿನ ವೇಗ ಸೆಕೆಂಡಿಗೆ 1 ಮೀಟರಿನಷ್ಟು ತಟಕ್ಕನೆ ಕುಗ್ಗಿದರೆ ಒತ್ತಡ ಸುಮಾರು 12 ಬಾರ್ ಏರುತ್ತದೆ. 8 ಅಂಗುಲದ ಪೈಪಿನಲ್ಲಿ ಇದು ಸುಮಾರು 4 ಟನ್ನಿನ ಗುದ್ದು.

ಈಗ ವಾದಕ್ಕೆ ಬರೋಣ. "ದಿಢೀರ್ ಹೊರೆಯನ್ನು 2ರಿಂದ ಗುಣಿಸಿ ಸ್ಟ್ಯಾಟಿಕ್ ಹೊರೆಯಾಗಿ ಹಾಕಿದರೆ ಸಾಕು" ಎನ್ನುವವರಿದ್ದಾರೆ. ಒಮ್ಮೆಲೇ ಬಂದು ಹಾಗೆಯೇ ನಿಲ್ಲುವ ಬಲಕ್ಕೆ ಈ 2 ಸರಿಯೇ. ಬಯಲಿಗೆ ಉಗಿಯನ್ನು ಉಗುಳುವ ಸೇಫ್ಟಿ ವಾಲ್ವಿಗೆ ಇದನ್ನು ಬಳಸುವುದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ವಾಟರ್ ಹ್ಯಾಮರ್ ನಿಲ್ಲುವ ಬಲವಲ್ಲ, ಓಡುವ ಅಲೆ. ಸೆಕೆಂಡಿಗೆ 1200 ಮೀಟರ್ ಓಡುವ ಅಲೆಗೆ 12 ಮೀಟರ್ ದೂರದ ಎರಡು ಎಲ್ಬೋಗಳ ನಡುವೆ ಹತ್ತು ಮಿಲಿಸೆಕೆಂಡು ಸಾಕು. ಆ ಹತ್ತು ಮಿಲಿಸೆಕೆಂಡು ಒಂದು ಎಲ್ಬೋಗೆ ಪೆಟ್ಟು ಬಿದ್ದಿರುತ್ತದೆ, ಇನ್ನೊಂದಕ್ಕೆ ಬಿದ್ದಿರುವುದಿಲ್ಲ. ಪೈಪು ಜಿಗಿಯುವುದು ಆಗಲೇ. ಎಲ್ಲ ಎಲ್ಬೋಗಳಿಗೂ ಒಟ್ಟಿಗೇ ಬಲ ಹಾಕಿ ಸ್ಟ್ಯಾಟಿಕ್ ಲೆಕ್ಕ ಮಾಡಿದರೆ ಎದುರುಬದುರು ಬಲಗಳು ಒಂದನ್ನೊಂದು ತಿಂದುಹಾಕುತ್ತವೆ. ಉತ್ತರ ಸೊನ್ನೆಗೆ ಹತ್ತಿರ! ಸೊನ್ನೆಯನ್ನು ಎರಡರಿಂದಲ್ಲ, ಇಪ್ಪತ್ತರಿಂದ ಗುಣಿಸಿದರೂ ಸೊನ್ನೆಯೇ. ಇನ್ನು ಅಲೆಯ ಹೊಡೆತದ ಲಯ ಪೈಪಿನ ಸ್ವಂತ ಲಯಕ್ಕೆ ಹೊಂದಿಬಿಟ್ಟರೆ, ಪೆಟ್ಟಿನ ಮೇಲೆ ಪೆಟ್ಟು ಬಿದ್ದು ಎರಡರ ಮಿತಿಯನ್ನೂ ಮೀರಬಹುದು.

ಎರಡನೆಯದು ಇನ್ನೂ ದೊಡ್ಡ ಅಪರಾಧ. ನಾವು ದಿನವೂ ಬಳಸುವ ಪ್ರೋಗ್ರಾಮುಗಳ ಡೈನಾಮಿಕ್ ಲೆಕ್ಕ ಲೀನಿಯರ್ ಲೆಕ್ಕ. ಪೈಪು ಸಪೋರ್ಟಿನ ಮೇಲೆ ಕೂತಿದೆಯೋ, ಎದ್ದಿದೆಯೋ, ಗೈಡಿನ ಸಂದು ಮುಚ್ಚಿದೆಯೋ, ತೆರೆದಿದೆಯೋ ಎಂಬುದನ್ನು ಅದು ತಾನಾಗಿ ಅರಿಯದು. ನಾವು ತೋರಿಸಿದ ಒಂದು ಸ್ಟ್ಯಾಟಿಕ್ ಕೇಸಿನಿಂದ ಆ ಸ್ಥಿತಿಯನ್ನು ಎತ್ತಿಕೊಂಡು ಅದನ್ನೇ ಕೊನೆಯವರೆಗೂ ನಂಬುತ್ತದೆ. ಬಿಸಿಯಾಗಿ ಓಡುವಾಗ ಮೇಲೆದ್ದು ಗಾಳಿಯಲ್ಲಿರುವ ಪೈಪಿಗೆ ತಣ್ಣಗಿದ್ದಾಗಿನ ಕೇಸನ್ನು ತೋರಿಸಿದರೆ, ಕಾಗದದ ಮೇಲೆ ಅದಕ್ಕೆ ಇಲ್ಲದ ಆಸರೆ ಸಿಗುತ್ತದೆ. ಈ ಆಯ್ಕೆಯನ್ನು ಕಂಪ್ಯೂಟರ್ ಮಾಡುವುದಿಲ್ಲ ಸ್ವಾಮಿ, ನಾವು ಮಾಡುತ್ತೇವೆ. ಹಳೆಯ ಫೈಲನ್ನು ನಕಲು ಮಾಡಿದಾಗ ಯಾರೋ ಬೇರೊಬ್ಬ, ಬೇರೊಂದು ಪೈಪಿಗೆ ಮಾಡಿದ ಆಯ್ಕೆ ಇದಾಗಿರುತ್ತದೆ.

ಭೂಕಂಪದ ಲೆಕ್ಕವನ್ನು 33 ಹರ್ಟ್ಸಿಗೆ ನಿಲ್ಲಿಸುವ ರೂಢಿಯಿದೆ. ಅದನ್ನೇ ವಾಟರ್ ಹ್ಯಾಮರಿಗೂ ಹಾಕಿದರೆ, ಪೈಪಿನ ಉದ್ದಕ್ಕೆ ಬರುವ ಬಿರುಸಾದ ಕಂಪನಗಳೇ ಬಿಟ್ಟುಹೋಗುತ್ತವೆ. ಇನ್ನು ಡೈನಾಮಿಕ್ ಕೇಸೊಂದನ್ನೇ ನೋಡಿ "ಪಾಸಾಯಿತು" ಎನ್ನುವವರೂ ಇದ್ದಾರೆ. ತೂಕ ಮತ್ತು ಒತ್ತಡದ ಕೇಸನ್ನು ಅದಕ್ಕೆ ಕೂಡಿಸದೆ ಪಾಸು ಫೇಲಿನ ಮಾತೇ ಇಲ್ಲ. ಬಿ31.3 ಕೋಡು 1.33ರಷ್ಟು ರಿಯಾಯಿತಿ ಕೊಟ್ಟಿರುವುದು ಆ ಕೂಡಿದ ಮೊತ್ತಕ್ಕೆ.

ಈ ಮಾತುಗಳನ್ನು ನಾನು ಪುಸ್ತಕ ಓದಿ ಮಾತ್ರ ಹೇಳುತ್ತಿಲ್ಲ. ಬಹಳ ಹಿಂದೆ ನಾನಿದ್ದ ಕಚೇರಿಯೊಂದರಲ್ಲಿ, ಟರ್ಬೈನಿಗೆ ಹೋಗುವ ಉಗಿಯ ಪೈಪಿಗೆ ಹಿಂದಿನ ಜಾಬಿನ ಪಟ್ಟಿಯನ್ನೇ ಹಾಕಿದೆವು. ಹಿಂದಿನ ವಾಲ್ವು ಮುಚ್ಚುತ್ತಿದ್ದುದು ನಿಧಾನವಾಗಿ, ಇದು ಕಣ್ಣು ಮಿಟುಕಿಸುವಷ್ಟರಲ್ಲಿ. ಟರ್ಬೈನ್ ಮೊದಲ ಸಲ ಟ್ರಿಪ್ ಆದಾಗ ಪೈಪು ಜಿಗಿದು ಎರಡು ಸಪೋರ್ಟುಗಳಿಂದ ಕೆಳಗೆ ಜಾರಿತು. ಊಟದ ಹೊತ್ತಾದ್ದರಿಂದ ಕೆಳಗೆ ಯಾರೂ ಇರಲಿಲ್ಲ. ಆ ಪಟ್ಟಿಯ ಕೆಳಗೆ ಪರಿಶೀಲಿಸಿದವನೆಂದು ಇದ್ದ ರುಜು ನನ್ನದು.

ಎಲ್ಲರಿಗೂ ಊಟದ ಹೊತ್ತಿನ ಅದೃಷ್ಟ ಇರುವುದಿಲ್ಲ. ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ 1974ರಲ್ಲಿ ಬಿರುಕು ಬಿಟ್ಟ ಒಂದು ರಿಯಾಕ್ಟರನ್ನು ತೆಗೆದು, ಅದರ ಜಾಗದಲ್ಲಿ 20 ಅಂಗುಲದ ಡೊಂಕು ಪೈಪನ್ನು ಎರಡು ಬೆಲ್ಲೋಸುಗಳ ನಡುವೆ ಕೂಡಿಸಿದರು. ಅದರ ನಕ್ಷೆ ಇದ್ದದ್ದು ವರ್ಕ್‌ಶಾಪಿನ ನೆಲದ ಮೇಲೆ, ಸೀಮೆಸುಣ್ಣದಲ್ಲಿ. ಡೊಂಕಿನಲ್ಲಿ ಒತ್ತಡ ಹುಟ್ಟಿಸುವ ತಿರುಚುಬಲವನ್ನು ಯಾರೂ ಲೆಕ್ಕ ಹಾಕಲಿಲ್ಲ. ಎರಡು ತಿಂಗಳು ಅದು ನಡೆಯಿತು. ಜೂನ್ 1ರಂದು ಕಾರ್ಖಾನೆ ಸ್ಫೋಟಗೊಂಡು 28 ಮಂದಿ ಸತ್ತರು. ಅಲ್ಲಿ ತಪ್ಪಿದ್ದು ಡೈನಾಮಿಕ್ ಲೆಕ್ಕವೂ ಅಲ್ಲ, ಮೊದಲ ಪಾಠದ ಲೆಕ್ಕ. "ಇಷ್ಟು ದಿನ ನಡೆದಿದೆಯಲ್ಲ" ಎನ್ನುವವರು ಆ ಎರಡು ತಿಂಗಳನ್ನು ನೆನೆಯಲಿ. ಕೊಯ್ನಾದ ನೆಲ ಬಲವಾಗಿ ನಡುಗಿದ 1967ರ ಡಿಸೆಂಬರ್ 11ರ ಬೆಳಗಿನ ಜಾವವನ್ನೂ ನೆನೆಯಲಿ.

"ಇಷ್ಟೆಲ್ಲಕ್ಕೆ ಸಮಯವೆಲ್ಲಿ? ಗಿರಾಕಿ ದುಡ್ಡು ಕೊಡುವುದಿಲ್ಲ" ಎಂಬ ಆಕ್ಷೇಪ ಬರುತ್ತದೆ. ಅದರಲ್ಲಿ ನಿಜವೂ ಇದೆ. ಎಲ್ಲ ಪೈಪುಗಳಿಗೂ ಈ ಲೆಕ್ಕ ಬೇಡ. ನೂರರಲ್ಲಿ ಎಷ್ಟಕ್ಕೆ ಬೇಕು ಎಂದು ಆರಿಸುವುದೇ ಇಂಜಿನಿಯರನ ಬುದ್ಧಿಗೆ ಸಿಗುವ ಸಂಬಳ. ವಾಲ್ವು ಎಷ್ಟು ಹೊತ್ತಿನಲ್ಲಿ ಮುಚ್ಚುತ್ತದೆ ಎಂದು ಕೇಳಲು ಒಂದು ಫೋನು ಸಾಕು. 600 ಮೀಟರಿನ ನೀರಿನ ಪೈಪಿನಲ್ಲಿ ಅಲೆ ಹೋಗಿ ಮರಳಲು 1 ಸೆಕೆಂಡು ಬೇಕು. ವಾಲ್ವು ಅದಕ್ಕಿಂತ ಬಹಳ ನಿಧಾನವಾಗಿ ಮುಚ್ಚುವುದಾದರೆ ಪೆಟ್ಟು ಅಷ್ಟೇ ತಗ್ಗುತ್ತದೆ. ಕೇಳುವುದಕ್ಕೂ ಬೇಸರವೆಂದರೆ ಅದು ಸಮಯದ ಅಭಾವವಲ್ಲ, ಮನಸ್ಸಿನ ಅಭಾವ.

ಕಚೇರಿಗಳಲ್ಲಿ ಹಿರಿಯ ಸ್ಥಾನದಲ್ಲಿರುವ ನಮ್ಮ ಕನ್ನಡ ಬಾಂಧವರಲ್ಲಿ ನನ್ನ ಬೇಡಿಕೆ ಒಂದೇ. ಪ್ರತಿ ಲೋಡ್ ಕೇಸಿನ ಮುಂದೆ "ಏಕೆ" ಎಂಬ ಒಂದು ಸಾಲು ಬರೆಸಿ. ಆ ಸಾಲು ಇಲ್ಲದ ಪಟ್ಟಿಗೆ ರುಜು ಹಾಕಬೇಡಿ. ಕಿರಿಯರಿಗೂ ಒಂದು ಮಾತು: ಈ ಬಲ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಮನೆಯಲ್ಲಿ ಅಮ್ಮನಿಗೆ ಕನ್ನಡದಲ್ಲಿ ಹೇಳಿ ನೋಡಿ. ಹೇಳಲು ಬಾರದಿದ್ದರೆ ಕೊರತೆ ಕನ್ನಡದ್ದಲ್ಲ, ನಿಮಗೇ ಅದು ತಿಳಿದಿಲ್ಲ. ಆ ಪೈಪಿನ ಕೆಳಗೆ ನಾಳೆ ನಡೆದುಹೋಗುವವನೂ ಒಬ್ಬ ತಾಯಿಯ ಮಗನೇ. ಅವನು ನಿಮ್ಮ ಪಟ್ಟಿಯನ್ನು ಓದಿರುವುದಿಲ್ಲ, ನಂಬಿರುತ್ತಾನೆ.